ಉಡುಪಿಯಲ್ಲಿ ನನ್ನದು ಸಣ್ಣ ಆರ್‌ಸಿಸಿ ಕೋಣೆಯ ಮನೆ ಸ್ಟುಡಿಯೋ. ಅಲ್ಲಿ ಡ್ರಮ್ಸ್ ಬೇರೆ, ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳು) ಬೇರೆ ರೆಕಾರ್ಡ್ ಮಾಡಬಹುದೇ?

ಮಾಡಬಹುದು. ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ಎಂಬ ರಾಕ್ ಬ್ಯಾಂಡಿನ 2002ರ ಆಲ್ಬಮ್‌ಗೆ ಡ್ರಮ್ಮರ್ ಡೇವ್ ಗ್ರೋಲ್ ಹೀಗೇ ನುಡಿಸಿದ್ದು. ನಿಮ್ಮಂಥ ಸಣ್ಣ ಆರ್‌ಸಿಸಿ ಕೋಣೆಯಲ್ಲಿ ಲಾಭ ಇನ್ನೂ ಜಾಸ್ತಿ: ಸ್ಲ್ಯಾಬಿಗೆ ಬಡಿದು ವಾಪಸ್ ಬರುವ ಕ್ರ್ಯಾಶ್ (ಜೋರಾಗಿ ಹೊಡೆಯುವ ಸಿಂಬಲ್) ಸದ್ದು ಸ್ನೇರ್ (ಅಡಿಯಲ್ಲಿ ತಂತಿ ಬಿಗಿದ ಡ್ರಮ್), ಟಾಮ್ (ತಂತಿಯಿಲ್ಲದ ಡ್ರಮ್) ಮೈಕ್‌ಗಳಿಗೆಲ್ಲ ನುಗ್ಗುತ್ತದೆ, ಆಮೇಲೆ ಸ್ನೇರ್‌ಗೆ ಕಂಪ್ರೆಷನ್ (ಜೋರು-ಮೆಲ್ಲನೆಯ ಸದ್ದಿನ ಅಂತರ ಕಡಿಮೆ ಮಾಡುವುದು) ಕೊಟ್ಟರೆ ಸಿಂಬಲ್ಲೇ ಮೇಲೇಳುತ್ತದೆ.

ಕ್ಲಿಕ್ ಟ್ರ್ಯಾಕ್ (ತಾಳಕ್ಕೆ ಕಿವಿಯಲ್ಲಿ ಕೇಳಿಸಿಕೊಳ್ಳುವ ಟಿಕ್ ಟಿಕ್) ಇಲ್ಲದೆ ಕೈಹಾಕಬೇಡಿ. ಮೊದಲ ಸುತ್ತಿನಲ್ಲಿ ಡ್ರಮ್ಸ್ ಮಾತ್ರ ಹಿಡಿಯುವುದು; ಆಗ ಸಿಂಬಲ್ ತೆಗೆದು ಗಾಳಿಗೆ ಹೊಡೆದರೆ ಕೈಯ ಲಯ ಕೆಡುತ್ತದೆ. ಅದೇ ಜಾಗದಲ್ಲಿ ರಬ್ಬರ್ ಪ್ಯಾಡ್ ಇಡಿ. ಸಿಂಬಲ್‌ಗೇ ದಪ್ಪ ಬೈರಾಸು ಸುತ್ತಿದರೂ ನಡೆಯುತ್ತದೆ. ಸಿಂಬಲ್ ಹಿಡಿಯುವ ಎರಡನೇ ಸುತ್ತಿನಲ್ಲಿ ಪ್ಯಾಡ್ ಡ್ರಮ್‌ಗಳ ಮೇಲೆ. ಸ್ನೇರ್‌ನ ತಂತಿ ಸಡಿಲಿಸಿ, ಇಲ್ಲದಿದ್ದರೆ ಕ್ರ್ಯಾಶ್ ಹೊಡೆದಾಗಲೆಲ್ಲ ಅದು ಜರ್ರ್ ಎನ್ನುತ್ತದೆ.

ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಮಾತ್ರ ಡ್ರಮ್ಸ್ ಜೊತೆಗೇ ಇರಲಿ ಅಂತ ನಾನು ಹೇಳುವುದು. ಸ್ನೇರ್‌ನ ಮೆಲ್ಲನೆಯ ಗೋಸ್ಟ್ ನೋಟ್‌ಗಳು ಅದರ ಚಲನೆಗೆ ಅಂಟಿಕೊಂಡೇ ಬರುತ್ತವೆ. ಕ್ರ್ಯಾಶ್, ರೈಡ್ (ಲಯ ಹಿಡಿಯುವ ದೊಡ್ಡ ಸಿಂಬಲ್) ಬೇರೆ ಹಿಡಿದರೆ ಸಾಕು. ಜಾಝ್‌ಗಾದರೆ ಈ ಉಪಾಯವೇ ಬೇಡ.

ಜೋರು ಮಳೆಯ ಆಟಿ ತಿಂಗಳಲ್ಲಾದರೆ ಸಿಂಬಲ್ ಸುತ್ತನ್ನು ಮಳೆ ಬಿಟ್ಟ ಹೊತ್ತಿಗೆ ಇಟ್ಟುಕೊಳ್ಳಿ. ತಾರಸಿಗೆ ಶೀಟ್ ಹಾಕಿಸಿದ್ದರೆ ಕ್ರ್ಯಾಶ್ ಮೆಲ್ಲಗೆ ಇಳಿಯುವಾಗ ಮಳೆಯ ಸದ್ದು ಸ್ಪಷ್ಟ ಕೇಳುತ್ತದೆ.