ಬೆಲ್ಟ್ ಹೊಸದು, ಸದ್ದು ಹಳೆಯದು

ವಾಹನ ಸಮಸ್ಯೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನದು 2014ರ ಮಾದರಿಯ ಡೀಸೆಲ್ ಕಾರು. 1,10,000 ಕಿ.ಮೀ. ಓಡಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಎಂಜಿನ್ನಿನ ಮುಂಭಾಗದಿಂದ ಗರಗರ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತದೆ. ಗ್ಯಾರೇಜಿನವರು ಫ್ಯಾನ್ ಬೆಲ್ಟ್ ಹೋಗಿದೆ ಎಂದು ಹೊಸದನ್ನು ಹಾಕಿದರು, ಸದ್ದು ಮಾತ್ರ ಕಡಿಮೆಯಾಗಲಿಲ್ಲ. ಈಗ ಆಲ್ಟರ್ನೇಟರ್ ಮತ್ತು ಎ.ಸಿ. ಕಂಪ್ರೆಸರ್ ಎರಡನ್ನೂ ಬಿಚ್ಚಿ ನೋಡಬೇಕು ಎನ್ನುತ್ತಿದ್ದಾರೆ. ಮಿತ್ರರೊಬ್ಬರು ಬೆಲ್ಟಿಗೆ ಸೋಪು ಉಜ್ಜಿದರೆ ಸಾಕು ಎನ್ನುತ್ತಾರೆ. ಯಾರ ಮಾತನ್ನು ಕೇಳಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಸೋಪಿನ ಸಲಹೆಯನ್ನು ಮೊದಲು ಬದಿಗಿಡಿ. ಸೋಪು, ಮೇಣ, ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಇವುಗಳಲ್ಲಿ ಯಾವುದನ್ನು ಸವರಿದರೂ ಕೆಲವು ಬಗೆಯ ಸದ್ದು ಸ್ವಲ್ಪ ಹೊತ್ತು ಅಡಗಬಹುದು; ಆದರೆ ಬೆಲ್ಟಿನ ಹಿಡಿತ ಕೆಡುತ್ತದೆ, ಎಣ್ಣೆಯಾದರೆ ರಬ್ಬರೇ ಊದಿಕೊಳ್ಳುತ್ತದೆ, ಹೊಸ ಬೆಲ್ಟಿಗೆ ತೆತ್ತ ಹಣವೂ ನೀರುಪಾಲಾಗುತ್ತದೆ. ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರನ್ನೂ ಕಂಪ್ರೆಸರನ್ನೂ ಬಿಚ್ಚುವ ಮಾತು ಕೂಡ ಆತುರದ್ದೆಂದೇ ನನ್ನ ಅಭಿಪ್ರಾಯ. ನೀವು ತಿಳಿಸಿರುವ ಲಕ್ಷಣಗಳನ್ನು ನೋಡಿದರೆ ದೋಷವು ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಪುಲ್ಲಿಯ ಬೇರಿಂಗಿನಲ್ಲಿರುವ ಸಂಭವವೇ ಹೆಚ್ಚು, ಮತ್ತು ಅದನ್ನು ಖಚಿತಪಡಿಸಿಕೊಳ್ಳಲು ಬೆಲ್ಟೊಂದನ್ನು ಕಳಚಿದರೆ ಸಾಕು.

ಈ ಬೆಲ್ಟಿನ ಸುತ್ತ ಹುಟ್ಟುವ ಸದ್ದುಗಳು ಸಾಮಾನ್ಯವಾಗಿ ಮೂರು ಬಗೆಯವು. ಕಿರ್ರೆಂದು ಉದ್ದಕ್ಕೆ ಚೀರಿದರೆ ಬೆಲ್ಟ್ ಜಾರುತ್ತಿದೆ. ಹಕ್ಕಿಯ ಹಾಗೆ ಚಿಕ್ ಚಿಕ್ ಎಂದು ಬಿಟ್ಟುಬಿಟ್ಟು ಕೇಳಿಸಿದರೆ ಯಾವುದೋ ಒಂದು ಪುಲ್ಲಿ ಉಳಿದವುಗಳ ಸಾಲಿನಿಂದ ಒಂದೆರಡು ಮಿಲಿಮೀಟರ್ ಹೊರಗೋ ಓರೆಯಾಗಿಯೋ ಇದೆ. ನಿಮ್ಮದು ಮೂರನೆಯದು: ವೇಗದೊಂದಿಗೆ ಏರುವ, ಮಧ್ಯೆ ಬಿಡುವಿಲ್ಲದ ಗರಗರ ಸದ್ದು. ಅದು ಲೋಹದ ಮೇಲೆ ಲೋಹ ಉರುಳುವ ಸದ್ದಾದ್ದರಿಂದ ರಬ್ಬರಿನ ಬೆಲ್ಟನ್ನು ಎಷ್ಟು ಸಲ ಬದಲಿಸಿದರೂ ಹೋಗುವುದಿಲ್ಲ.

ಐಡ್ಲರ್ ಪುಲ್ಲಿ ಯಾವ ಯಂತ್ರವನ್ನೂ ತಿರುಗಿಸುವುದಿಲ್ಲ, ಬೆಲ್ಟಿಗೆ ದಾರಿ ತೋರಿಸುವುದಷ್ಟೇ ಅದರ ಕೆಲಸ. ಹಾಗಾಗಿ ಗ್ಯಾರೇಜುಗಳಲ್ಲಿ ಅದರ ಕಡೆ ಗಮನ ಹೋಗುವುದು ಕಡಿಮೆ. ವಾಸ್ತವದಲ್ಲಿ ಅದರ ಬೇರಿಂಗಿಗೆ ಬೀಳುವ ದುಡಿಮೆ ಸಣ್ಣದಲ್ಲ. ಎಂಜಿನ್ ನೇರವಾಗಿ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ವ್ಯಾಸ 150 ಮಿ.ಮೀ., ಐಡ್ಲರಿನದು 75 ಮಿ.ಮೀ. ಎಂದಿಟ್ಟುಕೊಂಡರೆ, ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಚಿಕ್ಕ ಪುಲ್ಲಿ 6000 ಸುತ್ತು ತಿರುಗುತ್ತಿರುತ್ತದೆ, ಅದೂ ಎಂಜಿನ್ನಿನ ಬಿಸಿಯ ನಡುವೆ. ಕಾರ್ಖಾನೆಯಲ್ಲಿ ತುಂಬಿದ ಗ್ರೀಸೇ ಅದಕ್ಕೆ ಜೀವಮಾನದ ಗ್ರೀಸು. ಮತ್ತೆ ತುಂಬಲು ನಿಪ್ಪಲ್ ಇರುವುದಿಲ್ಲ. ನಿಮ್ಮ ಸೀಮೆಯ ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರು ಕಾದ ಬೇರಿಂಗಿಗೆ ಎರಚಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ರಬ್ಬರ್ ಸೀಲಿನ ಅಂಚಿನಿಂದ ತೇವವನ್ನು ಒಳಕ್ಕೆಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ತುಕ್ಕಿನ ಕಾರುಬಾರು. ನಿಮ್ಮ ಸದ್ದು ಮಳೆಗಾಲದ ಕೊನೆಯಲ್ಲಿ ಶುರುವಾಗಿರುವುದು ಕಾಕತಾಳೀಯವಾಗಿರಲಾರದು.

ಪರೀಕ್ಷೆಯನ್ನು ಎಂಜಿನ್ ಚಾಲೂ ಇರುವಾಗಲೇ ಆರಂಭಿಸಬಹುದು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ತುದಿಯನ್ನು ಆಲ್ಟರ್ನೇಟರಿನ ಮೈಗೆ, ಕಂಪ್ರೆಸರಿನ ಮೈಗೆ, ಟೆನ್ಷನರ್ ಕೂತಿರುವ ಬ್ರಾಕೆಟ್ಟಿಗೆ ಒಂದಾದ ಮೇಲೊಂದರಂತೆ ಮುಟ್ಟಿಸಿ ಕೇಳಿ. ತಿರುಗುವ ಯಾವ ಭಾಗಕ್ಕೂ ತಾಗಿಸಬೇಡಿ. ಪಂಚೆ, ಶಾಲು, ಸೆರಗು, ಕೊರಳಿನ ಸರ, ಇವೆಲ್ಲ ಬಾನೆಟ್ಟಿನಿಂದ ದೂರವಿರಲಿ. ದೋಷವಿರುವ ಕಡೆ ಗರಗರ ನೇರವಾಗಿ ತಲೆಯೊಳಗೇ ಕೇಳಿಸುತ್ತದೆ. ಎ.ಸಿ. ಆರಿಸಿದಾಗಲೂ ಸದ್ದಿದೆ, ಆದ್ದರಿಂದ ಕಂಪ್ರೆಸರಿನದಲ್ಲ ಎಂದು ಕೆಲವರು ತರ್ಕಿಸುವುದುಂಟು, ಅದು ಸರಿಯಲ್ಲ. ವಿದ್ಯುತ್ ಕ್ಲಚ್ ಇರುವ ಕಂಪ್ರೆಸರಿನಲ್ಲಿ ಎ.ಸಿ. ಆರಿದ್ದರೂ ಹೊರಗಿನ ಪುಲ್ಲಿ ತನ್ನದೇ ಬೇರಿಂಗಿನ ಮೇಲೆ ತಿರುಗುತ್ತಲೇ ಇರುತ್ತದೆ.

ನಿರ್ಣಾಯಕ ಪರೀಕ್ಷೆಯೆಂದರೆ ಬೆಲ್ಟ್ ಕಳಚುವುದು. ಎಂಜಿನ್ ತಣಿದ ಮೇಲೆ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಬೆಲ್ಟ್ ಸಾಗುವ ದಾರಿಯನ್ನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಮತ್ತೆ ಹಾಕುವಾಗ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಎಂಬ ಗೊಂದಲ ಅನುಭವಿಗಳಿಗೂ ಆಗುತ್ತದೆ. ಟೆನ್ಷನರಿನ ತೋಳನ್ನು ಸ್ಪ್ಯಾನರಿನಿಂದ ಸ್ಪ್ರಿಂಗಿಗೆ ಎದುರಾಗಿ ತಿರುಗಿಸಿ ಬೆಲ್ಟ್ ತೆಗೆದ ಮೇಲೆ, ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ಒಳ್ಳೆಯ ಐಡ್ಲರ್ ಗ್ರೀಸಿನ ಹಿಡಿತದಿಂದ ಸ್ವಲ್ಪ ಬಿಗಿಯಾಗಿ, ಸದ್ದಿಲ್ಲದೆ ತಿರುಗಿ ಬೇಗ ನಿಲ್ಲುತ್ತದೆ. ಒಮ್ಮೆ ತಟ್ಟಿದರೆ ಬುಗುರಿಯಂತೆ ಬಹಳ ಹೊತ್ತು ಸರಸರನೆ ತಿರುಗುತ್ತಲೇ ಇದ್ದರೆ ಅದನ್ನು ಕಂಡು ಸಂತೋಷಪಡಬೇಡಿ, ಒಳಗಿನ ಗ್ರೀಸು ಒಣಗಿದೆ ಎಂದು ಅದರ ಅರ್ಥ. ಬೆರಳಿಗೆ ಮರಳು ಸಿಕ್ಕಂತೆ ಕರಕರ ತಾಗಿದರೆ, ಅಂಚನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಆಟ ಕಂಡರೆ, ಪುಲ್ಲಿಯ ಹಿಂದಿನ ಲೋಹದ ಮೇಲೆ ಕೆಂಗಂದು ಪುಡಿ ಚೆಲ್ಲಿದ್ದರೆ, ಅಪರಾಧಿ ಸಿಕ್ಕಿತು. ಟೆನ್ಷನರಿನಲ್ಲಿ ತೋಳನ್ನೂ ಪರೀಕ್ಷಿಸಬೇಕು: ಬೆಲ್ಟ್ ಹಾಕಿದ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಅದು ಬಿಡದೆ ಪಟಪಟ ನಡುಗುತ್ತಿದ್ದರೆ ಒಳಗಿನ, ನಡುಕ ತಡೆಯುವ ಡ್ಯಾಂಪರ್ ಸವೆದಿದೆ, ಆಗ ಪುಲ್ಲಿಯನ್ನಷ್ಟೇ ಬದಲಿಸಿ ಪ್ರಯೋಜನವಿಲ್ಲ.

ಇನ್ನೂ ಅನುಮಾನ ಉಳಿದರೆ, ಬ್ಯಾಟರಿಯನ್ನು ಮತ್ತೆ ಜೋಡಿಸಿ, ಬೆಲ್ಟ್ ಇಲ್ಲದೆಯೇ ಎಂಜಿನ್ನನ್ನು ಹತ್ತು ಹದಿನೈದು ಸೆಕೆಂಡು ಮಾತ್ರ ಚಾಲೂ ಮಾಡಿ. ಬ್ಯಾಟರಿಯ ದೀಪ ಹೊತ್ತಿಕೊಳ್ಳುವುದು ಸಹಜ. ಹೆಚ್ಚು ಹೊತ್ತು ಓಡಿಸಬಾರದು, ಏಕೆಂದರೆ ಅನೇಕ ಕಾರುಗಳಲ್ಲಿ ವಾಟರ್ ಪಂಪು ತಿರುಗುವುದು ಇದೇ ಬೆಲ್ಟಿನಿಂದ. ಆ ಹೊತ್ತಿನಲ್ಲಿ ಸದ್ದು ಮಾಯವಾದರೆ ದೋಷ ಈ ಬೆಲ್ಟಿನ ಬಳಗದಲ್ಲೇ ಇದೆ. ಆಗಲೂ ಗರಗರ ಕೇಳುತ್ತಿದ್ದರೆ, ವಾಲ್ವುಗಳನ್ನು ಪಿಸ್ಟನ್ನುಗಳ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟಿರುವ ಎಂಜಿನ್ನಿನಲ್ಲಿ ಅದರ ಮುಚ್ಚಳದೊಳಗಿನ ಬೇರಿಂಗಿನ ಮೇಲೆ ಸಂಶಯ ಬರಬೇಕು. ಅಂಥ ಗಾಡಿಯನ್ನು ಮತ್ತೆ ಓಡಿಸದೆ ಎಳೆಸಿಕೊಂಡು ಹೋಗುವುದು ಕ್ಷೇಮ: ಟೈಮಿಂಗ್ ಬೆಲ್ಟ್ ತುಂಡಾದರೆ ಡೀಸೆಲ್ ಎಂಜಿನ್ನಿನಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಪುಲ್ಲಿಯನ್ನು ಬದಲಿಸುವ ಕೆಲಸ ಹೆಚ್ಚಿನ ಕಾರುಗಳಲ್ಲಿ ಒಂದೇ ಬೋಲ್ಟಿನದು. ಕೆಲವು ಮಾದರಿಗಳಲ್ಲಿ ಆ ಬೋಲ್ಟಿಗೆ ಎಡಮರೆ (ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುವ ತಿರುಪು) ಇರುತ್ತದೆ, ಬಿಚ್ಚಲು ಬಾರದಾಗ ಬಲಪ್ರಯೋಗಕ್ಕೆ ಮುನ್ನ ಅದನ್ನು ನೋಡಿಕೊಳ್ಳಿ. ಪುಲ್ಲಿ ಪ್ಲಾಸ್ಟಿಕ್ಕಿನದಾದರೆ ಇಡಿಯಾಗಿ ಹೊಸದನ್ನೇ ಹಾಕಿಸಿ. ಉಕ್ಕಿನ ಪುಲ್ಲಿಯಲ್ಲಿ ಬೇರಿಂಗನ್ನಷ್ಟೇ ಬದಲಿಸುವ ವಾಡಿಕೆ ನಮ್ಮಲ್ಲಿದೆ, ತಪ್ಪೇನಿಲ್ಲ. ಹಲವು ಪುಲ್ಲಿಗಳಲ್ಲಿರುವುದು 6203 ಸಂಖ್ಯೆಯ ಬೇರಿಂಗು, ಅಂದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿ.ಮೀ. ಇದೇ ಸಂಖ್ಯೆಯದು ಸಣ್ಣ ವಿದ್ಯುತ್ ಮೋಟರುಗಳಿಗೂ ಬರುತ್ತದೆ ಎಂಬ ಕಾರಣಕ್ಕೆ ಅಂಗಡಿಯವರು ಕೊಟ್ಟದ್ದನ್ನು ತರಬೇಡಿ. ಎರಡೂ ಬದಿ ರಬ್ಬರ್ ಸೀಲ್ ಇರುವ, ಹೆಚ್ಚಿನ ಬಿಸಿ ತಾಳುವ ಗ್ರೀಸಿನ, ಸಿ3 ಎಂಬ ಗುರುತಿನ ಬೇರಿಂಗನ್ನು ಕೇಳಿ ಪಡೆಯಿರಿ. ಅದನ್ನು ಪುಲ್ಲಿಯೊಳಗೆ ಕೂರಿಸುವಾಗ ಒತ್ತಡ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಗೆ ಸುತ್ತಿಗೆಯ ಏಟು ಬಿದ್ದರೆ ಗುಂಡುಗಳು ಬಳೆಯಲ್ಲಿ ಗುಳಿ ಮಾಡಿ, ಹೊಸ ಬೇರಿಂಗು ಮೊದಲ ದಿನವೇ ಸದ್ದು ಮಾಡುತ್ತದೆ. ಬೋಲ್ಟನ್ನು ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಿಸಿ. ಬೆಲ್ಟ್ ಮತ್ತೆ ಹಾಕುವಾಗ ಅದರ ಏಣುಗಳೆಲ್ಲ ಪುಲ್ಲಿಯ ಗೀರುಗಳಲ್ಲಿ ಕೂತಿವೆಯೇ ಎಂದು ಬೆರಳಾಡಿಸಿ ನೋಡಿ. ಏಣಿನಿಂದ ಏಣಿಗೆ ಇರುವ ಅಂತರ 3.56 ಮಿ.ಮೀ. ಅಷ್ಟೇ, ಒಂದು ಗೀರು ಆಚೆಗೆ ಸರಿದರೂ ಕಣ್ಣಿಗೆ ಬೀಳುವುದಿಲ್ಲ, ಬೆಲ್ಟಿನ ಅಂಚು ಮಾತ್ರ ನಾರುನಾರಾಗಿ ಹರಿಯುತ್ತದೆ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕಿರ್ರೆಂದು ಕೂಗಿ, ಎರಡು ನಿಮಿಷದಲ್ಲಿ ತಾನಾಗಿ ಸುಮ್ಮನಾಗುತ್ತದೆ. ಪುಲ್ಲಿ ಬದಲಿಸಬೇಕೇ?
– ಓದುಗರು, ಮಂಡ್ಯ

ಉತ್ತರ: ಈಗಲೇ ಬೇಡ. ಸ್ಟಾರ್ಟ್ ಆದೊಡನೆ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರ್ ಹೆಚ್ಚು ಬಲ ಕೇಳುತ್ತದೆ, ಸಡಿಲವಾದ ಇಲ್ಲವೇ ಇಬ್ಬನಿಯಿಂದ ತೇವಗೊಂಡ ಬೆಲ್ಟ್ ಆಗ ಜಾರುತ್ತದೆ. ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿಯಿಂದ ಬೆಲ್ಟಿನ ಏಣಿರುವ ಮಗ್ಗುಲಿಗೆ ಸ್ವಲ್ಪ ನೀರು ಹೊಡೆಯಿರಿ. ಚೀರಾಟ ಜೋರಾದರೆ ಬಿಗಿ ಸಾಲದು, ಟೆನ್ಷನರನ್ನೂ ಬೆಲ್ಟಿನ ಸವೆತವನ್ನೂ ನೋಡಿಸಿ. ಸದ್ದು ತಟಕ್ಕನೆ ನಿಂತು ನೀರು ಆರಿದೊಡನೆ ಮರಳಿದರೆ ಪುಲ್ಲಿಗಳ ಸಾಲು ತಪ್ಪಿದೆ. ಬೆಲ್ಟಿನಲ್ಲಿ ಬಿರುಕಿಲ್ಲ ಎಂಬುದನ್ನೇ ನೆಚ್ಚಿಕೊಳ್ಳಬೇಡಿ, ಈಗಿನ ಇ.ಪಿ.ಡಿ.ಎಂ. ರಬ್ಬರಿನ ಬೆಲ್ಟುಗಳು ಬಿರುಕು ಬಿಡುವುದಕ್ಕಿಂತ ಒಳಗೊಳಗೇ ಸವೆಯುವುದೇ ಹೆಚ್ಚು.

ಪ್ರಶ್ನೆ: ನನ್ನ ಡೀಸೆಲ್ ಕಾರನ್ನು ಆಫ್ ಮಾಡಿದ ಮೇಲೆ ಒಂದೆರಡು ಸೆಕೆಂಡು ಝುಂಯ್ ಎಂಬ ಸದ್ದು ಬರುತ್ತದೆ. ಓಡುವಾಗ ಏನೂ ಇಲ್ಲ.
– ಓದುಗರು, ಗದಗ

ಉತ್ತರ: ನಿಮ್ಮ ಆಲ್ಟರ್ನೇಟರಿನಲ್ಲಿ ಒಂದೇ ದಿಕ್ಕಿಗೆ ಹಿಡಿದುಕೊಳ್ಳುವ ಕ್ಲಚ್ ಪುಲ್ಲಿ ಇರಬಹುದು. ಎಂಜಿನ್ ನಿಂತ ಮೇಲೂ ಆಲ್ಟರ್ನೇಟರ್ ತನ್ನ ಓಟದಲ್ಲೇ ಸ್ವಲ್ಪ ತಿರುಗಲು ಆ ಪುಲ್ಲಿ ಬಿಡುತ್ತದೆ, ಅದರ ಬೇರಿಂಗ್ ಸವೆದಾಗ ಸದ್ದು ಕೇಳಿಸುವುದು ಆಗಲೇ. ಬೆಲ್ಟ್ ತೆಗೆಸಿ, ಆಲ್ಟರ್ನೇಟರಿನ ಹಿಂಬದಿಯ ಕಿಂಡಿಗಳ ಮೂಲಕ ಒಳಗಿನ ರೋಟರನ್ನು ನೋಡುತ್ತ ಪುಲ್ಲಿಯನ್ನು ಎರಡೂ ಕಡೆಗೆ ತಿರುಗಿಸಿಸಿ: ಒಂದು ಕಡೆಗೆ ರೋಟರ್ ಜೊತೆಗೇ ತಿರುಗಬೇಕು, ಇನ್ನೊಂದು ಕಡೆಗೆ ಪುಲ್ಲಿಯೊಂದೇ ತಿರುಗಬೇಕು. ಎರಡೂ ಕಡೆಗೆ ಹಿಡಿದುಕೊಂಡರೂ ಎರಡೂ ಕಡೆಗೆ ಸಡಿಲವಾಗಿ ತಿರುಗಿದರೂ ಪುಲ್ಲಿ ಕೆಟ್ಟಿದೆ. ಪುಲ್ಲಿಯನ್ನಷ್ಟೇ ಬದಲಿಸಬಹುದು, ಆದರೆ ಬಿಚ್ಚಲು ಅದಕ್ಕೆಂದೇ ಇರುವ ಹಲ್ಲಿನ ಸಾಕೆಟ್ ಬೇಕು. ಅದಿಲ್ಲದ ಗ್ಯಾರೇಜಿನಲ್ಲಿ ಪೈಪ್ ಪಾನಾ ಹಾಕಿ ತಿರುಗಿಸಲು ಬಿಡಬೇಡಿ.