ಮಿದುಳಿನ ಟಿ.ಬಿ. ಜ್ವರ ಬಿಟ್ಟ ಮೇಲೆ ಕಾಲು ಸೋತರೆ

ಪ್ರಶ್ನೆ: ನಮ್ಮದು ಅಂಕೋಲೆ. ಅಣ್ಣನಿಗೆ 34 ವರ್ಷ, ಬೋಟಿಗೆ ಹೋಗುತ್ತಿದ್ದ. ಮೂರು ತಿಂಗಳ ಹಿಂದೆ ಮಿದುಳಿನ ಪೊರೆಗೆ ಟಿ.ಬಿ. ಆಗಿತ್ತು. ಮಾತ್ರೆ ಶುರುವಾದ ಮೇಲೆ ಜ್ವರ, ತಲೆನೋವು ಬಿಟ್ಟಿತು. ಈಗ ಹದಿನೈದು ದಿನದಿಂದ ಸೊಂಟದಿಂದ ಕಾಲಿಗೆ ನೋವು ಇಳಿಯುತ್ತದೆ, ನಿಂತರೆ ಕಾಲು ಕುಸಿಯುತ್ತದೆ. ನಿನ್ನೆಯಿಂದ ಮೂತ್ರ ಕಟ್ಟಿದೆ. ಮಾತ್ರೆಯ ಉಷ್ಣ, ನಿಲ್ಲಿಸು ಎನ್ನುತ್ತಾರೆ ಮನೆಯ ಹಿರಿಯರು. ಏನು ಮಾಡಲಿ?

ಉತ್ತರ: ಮಾತ್ರೆ ನಿಲ್ಲಿಸಬೇಡಿ, ಇವತ್ತೇ ಆಸ್ಪತ್ರೆಗೆ ಹೊರಡಿ. ಪತ್ರ ಸಿಕ್ಕ ಕೂಡಲೇ ಇದನ್ನು ನಿಮಗೆ ಫೋನಿನಲ್ಲಿ ಹೇಳಿದ್ದೇನೆ. ಇನ್ನೊಂದು ಮನೆಗೂ ಬೇಕಾದೀತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮಿದುಳನ್ನು ಸುತ್ತಿರುವ ಪೊರೆಯೇ ಕೆಳಗೆ ಬೆನ್ನುಹುರಿಯನ್ನೂ ಸುತ್ತಿರುತ್ತದೆ. ಒಳಗಿನ ನೀರೂ ಒಂದೇ. ಟಿ.ಬಿ.ಯಲ್ಲಿ ಅಂಟಂಟಾದ ಗಟ್ಟಿ ದ್ರವ ಆ ನೀರಿನಲ್ಲಿ ಸೇರಿ, ಸೊಂಟದ ಭಾಗದ ನರಗಳನ್ನು ಒಂದಕ್ಕೊಂದು ಅಂಟಿಸಿಬಿಡಬಹುದು. ಕೆಲವರಿಗೆ ಹುರಿಯ ಪಕ್ಕ ಟಿ.ಬಿ. ಗಂಟು ಬೆಳೆದು ಒತ್ತುತ್ತದೆ. ವಿಚಿತ್ರ ಏನೆಂದರೆ, ಔಷಧಿ ಸರಿಯಾಗಿ ಕೆಲಸ ಮಾಡುತ್ತಿರುವಾಗಲೂ ಹೀಗಾಗುತ್ತದೆ. ಸತ್ತ ರೋಗಾಣುಗಳ ಮೇಲೆ ದೇಹ ಜೋರಾಗಿ ತಿರುಗಿಬೀಳುವುದರಿಂದ ಊತ ಜಾಸ್ತಿಯಾಗುತ್ತದೆ. ಮಾತ್ರೆ ಬಿಟ್ಟರೆ ಟಿ.ಬಿ.ಯೂ ತಲೆ ಎತ್ತುತ್ತದೆ.

ಹಿರಿಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಟಿ.ಬಿ. ಮಾತ್ರೆಗಳಲ್ಲೊಂದು ಕೆಲವರಿಗೆ ಪಾದಕ್ಕೆ ಜೋಮು ತರುತ್ತದೆ, ಅದಕ್ಕೇ ಜೊತೆಯಲ್ಲಿ ಬಿ6 ವಿಟಮಿನ್ ಕೊಡುವುದು. ಆದರೆ ಆ ಜೋಮು ಮೂತ್ರ ಕಟ್ಟಿಸುವುದಿಲ್ಲ. ಮೂತ್ರ ಕಟ್ಟಿತು, ಕೂರುವ ಜಾಗದಲ್ಲಿ ಸ್ಪರ್ಶ ಹೋಯಿತು, ಎದೆಗೆ ಪಟ್ಟಿ ಬಿಗಿದಂತಾಯಿತು ಅಂದರೆ ಬೆನ್ನುಹುರಿಯನ್ನೇ ನೋಡಬೇಕು.

ಹುಬ್ಬಳ್ಳಿಗೇ ಹೋಗುವುದಾದರೂ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ಬಿಡುವ ನಳಿಗೆ, ಹಾಕಿಸಿ. ತುಂಬಿದ ಮೂತ್ರಕೋಶ ಹೊತ್ತುಕೊಂಡು ಅರಬೈಲ್ ಘಟ್ಟ ಹತ್ತುವುದು ಬೇಡ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ಇನ್ನೂ ಹತ್ತಿರ. ತಲೆಯದ್ದು ಮಾತ್ರ ಅಲ್ಲ, ಇಡೀ ಬೆನ್ನಿನ ಎಂ.ಆರ್.ಐ. ಆಗಬೇಕು ಎಂದು ಕೇಳಿ. ಮಾತ್ರೆಗೆ ಬಗ್ಗದ ಟಿ.ಬಿ. ಇರಬಹುದೇ ಎಂದೂ ವೈದ್ಯರು ನೋಡುತ್ತಾರೆ. ಊತಕ್ಕೆ ಹೆಚ್ಚಾಗಿ ಸ್ಟೀರಾಯ್ಡ್ ಕೊಡುತ್ತಾರೆ. ಅದನ್ನು ನೀವಾಗಿ ಶುರು ಮಾಡಬೇಡಿ, ಥಟ್ಟನೆ ಬಿಡಲೂಬೇಡಿ. ಗಂಟು ಹುರಿಯನ್ನು ಒತ್ತುತ್ತಿದ್ದರೆ ಕೆಲವೊಮ್ಮೆ ಆಪರೇಶನ್ ಬೇಕಾಗುತ್ತದೆ.

ಮನೆಯಲ್ಲಿ ಎಣ್ಣೆ ತಿಕ್ಕಿ ಬಿಸಿ ಉಪ್ಪಿನ ಕಾವು ಕೊಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಸ್ಪರ್ಶ ಗೊತ್ತಾಗದ ಕಾಲು ಸುಟ್ಟರೂ ಅಣ್ಣನಿಗೆ ತಿಳಿಯುವುದಿಲ್ಲ. ಮಲಗಿಯೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ, ಹಿಮ್ಮಡಿಗೆ ಹುಣ್ಣಾಗದಂತೆ ನೋಡಿಕೊಳ್ಳಿ.

ಪೂರ್ತಿ ಬಲ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಬೇಗ ಹಿಡಿದರೆ ಅವಕಾಶ ಹೆಚ್ಚು, ಚೇತರಿಕೆಗೆ ತಿಂಗಳುಗಳೇ ಬೇಕು, ಫಿಸಿಯೋಥೆರಪಿ ಬಿಡಬಾರದು. ಕೆಲವರಿಗೆ ವರ್ಷಗಳ ನಂತರ ಹುರಿಯೊಳಗೆ ನೀರು ತುಂಬಿ ಪೊಳ್ಳಾಗುತ್ತದೆ, ಆಗ ಸೋಲು ಮತ್ತೆ ಶುರುವಾಗುತ್ತದೆ. ಹಾಗಾಗಿ ಈಗಿನ ಎಂ.ಆರ್.ಐ. ಫಿಲ್ಮು, ಚೀಟಿಗಳನ್ನು ಮಳೆಗಾಲದ ತೇವ ತಾಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.