ಇನ್ನೂ ಮೂರು ವರ್ಷ ಓದೋದು ಯಾರಿಗಾಗಿ?

(ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಸ್ಮಿತಾಗೆ 26 ವರ್ಷ. ಹುಟ್ಟಿದ್ದು ದಾವಣಗೆರೆ, ಬೆಳೆದಿದ್ದು ಅಮೆರಿಕದ ಇಲಿನಾಯ್. ಕೈರೋಪ್ರಾಕ್ಟಿಕ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಮುಂದಿನ ಓದಿನ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದಳು. ಬೆನ್ನು, ಕುತ್ತಿಗೆ, ಕೀಲುಗಳ ನೋವಿಗೆ ಮುಖ್ಯವಾಗಿ ಕೈಯಿಂದಲೇ ಕೊಡುವ ಚಿಕಿತ್ಸೆ ಅದು. ಅಲ್ಲಿ ಸುಮಾರು ನಾಲ್ಕು ವರ್ಷದ ಕೋರ್ಸ್, ರಾಷ್ಟ್ರೀಯ ಬೋರ್ಡ್ ಪರೀಕ್ಷೆಗಳು, ಆಮೇಲೆ ರಾಜ್ಯದ ಲೈಸೆನ್ಸ್. ಡಾಕ್ಟರ್ ಅಂತ ಕರೆಸಿಕೊಳ್ಳಬಹುದು. ಆದರೆ ಬಹುತೇಕ ಕಡೆ ಔಷಧಿ ಬರೆದುಕೊಡುವಂತಿಲ್ಲ.

"ಆಂಟಿ, ರೇಡಿಯಾಲಜಿ ರೆಸಿಡೆನ್ಸಿಗೆ ಅರ್ಜಿ ಹಾಕಲಾ, ಬೇಡ್ವಾ? ಅಪ್ಪ ಅಮ್ಮ ಹಾಕು ಅಂತಾರೆ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ."

ಕೈರೋಪ್ರಾಕ್ಟರ್‌ಗಳಲ್ಲೂ ಎಕ್ಸ್‌ರೇ, ಎಂಆರ್‌ಐ ನೋಡಿ ವರದಿ ಬರೆಯುವ ತಜ್ಞರಿದ್ದಾರೆ. ಅದಕ್ಕೆ ಡಿಗ್ರಿ ಆದಮೇಲೆ ಪೂರ್ಣಾವಧಿ ರೆಸಿಡೆನ್ಸಿ, ಅಂದರೆ ಕೆಲಸ ಮಾಡುತ್ತಾ ಕಲಿಯುವ ತರಬೇತಿ, ಕಡಿಮೆ ಎಂದರೂ ಮೂರು ವರ್ಷ. ಸೀಟುಗಳು ತೀರಾ ಕಡಿಮೆ.

ಈ ಆಸೆ ಯಾವಾಗ ಹುಟ್ಟಿತು ಅಂತ ಕೇಳಿದೆ. ಕಾಲೇಜಿನ ಕ್ಲಿನಿಕ್‌ಗೆ ಬಂದಿದ್ದ ಒಬ್ಬ ವಯಸ್ಸಾದವರ ವಿಷಯ ಹೇಳಿದಳು. ಬೆನ್ನು ನೋವು, ರಾತ್ರಿ ಜಾಸ್ತಿ, ತೂಕ ಬೇರೆ ಇಳಿದಿತ್ತು. ಇವಳಿಗೆ ಅನುಮಾನ ಬಂತು. ಎಕ್ಸ್‌ರೇಯಲ್ಲಿ ಒಂದು ಮೂಳೆ ಸರಿ ಕಾಣಲಿಲ್ಲ. ಮೇಲಿನವರು ಕೂಡಲೇ ಆಸ್ಪತ್ರೆಗೆ ಕಳಿಸಿದರು. ಕ್ಯಾನ್ಸರ್ ಮೂಳೆಗೆ ಹರಡಿತ್ತು. "ಅವತ್ತು ನಾವು ಅವರ ಬೆನ್ನು ಮುಟ್ಟಲೇ ಇಲ್ಲ ಆಂಟಿ. ಮುಟ್ಟಬಾರದು ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು ಅನ್ನಿಸ್ತು."

ಹೇಳುವಾಗ ಅವಳ ದನಿಯೇ ಬೇರೆಯಾಗಿತ್ತು. ಈ ಆಸೆ ನಿಜವಾದದ್ದು ಎಂದು ನನಗೆ ಆಗಲೇ ಅನ್ನಿಸಿತು.

ಇನ್ನೊಂದು ಕಾರಣ ಮುಂದಿನ ಭೇಟಿಯಲ್ಲಿ, ಅಳುವಿನ ಜೊತೆ ಬಂತು. ದಾವಣಗೆರೆಯಲ್ಲಿ ಅಣ್ಣನ ಮದುವೆ. ಊಟದ ಪಂಕ್ತಿಯಲ್ಲಿ ದೊಡ್ಡಮ್ಮ, "ನಮ್ಮೂರಲ್ಲೇ ಉಳುಕು ತೆಗೆಯೋರು ಇದ್ದಾರಲ್ಲಮ್ಮ, ಅದನ್ನ ಕಲಿಯೋಕೆ ಅಮೆರಿಕಾನೇ ಬೇಕಿತ್ತಾ?" ಅಂದರಂತೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ದೊಡ್ಡಮ್ಮನ ಮಾತಿಗಿಂತ ಅಪ್ಪನ ನಗು ಅವಳಿಗೆ ಚುಚ್ಚಿತ್ತು. ಅಮೆರಿಕದ ಕನ್ನಡ ಬಳಗದಲ್ಲೂ ಅವರು "ಮಗಳು ಮೆಡಿಕಲ್ ಫೀಲ್ಡಲ್ಲಿದ್ದಾಳೆ" ಅಂತಷ್ಟೇ ಹೇಳುತ್ತಾರೆ, ಮುಂದೆ ವಿವರಿಸುವುದಿಲ್ಲ.

ಅವಳೊಳಗೂ ಒಂದು ಸಂಕೋಚ ಇತ್ತು. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರು ಮಾಡಿದಾಗ, ಬಹುಪಾಲು ಕಾಯಿಲೆಗಳಿಗೆ ಬೆನ್ನುಮೂಳೆ ಸ್ಥಾನ ತಪ್ಪುವುದೇ ಕಾರಣ ಎಂದು ನಂಬಿದ್ದರು. ಇಂದಿಗೂ ಹಾಗೆ ನಂಬುವ ಸಹಪಾಠಿಗಳಿದ್ದಾರೆ. ಸ್ಮಿತಾ ನಂಬುವುದಿಲ್ಲ. ಸ್ಪೆಷಲಿಸ್ಟ್ ಆದರೆ ಆ ಗುಂಪಿನಿಂದ ದೂರ ನಿಲ್ಲಬಹುದು ಅನ್ನುವುದು ಅವಳ ಲೆಕ್ಕ.

ನಾನು ಅವಳಿಗೆ ನೇರವಾಗಿಯೇ ಹೇಳಿದೆ. ರೋಗ ಪತ್ತೆ ಮಾಡುವ ಆಸೆಗೆ ಮೂರು ವರ್ಷ ಕೊಡು, ತಪ್ಪಿಲ್ಲ. ಆದರೆ ಮದುವೆಮನೆಯ ಮಾತಿಗೆ ಉತ್ತರ ಕೊಡೋಕೆ ಮೂರು ವರ್ಷ ಕೊಡಬೇಡ. ಇವತ್ತು "ಅದೇನು ಓದು" ಅನ್ನುವವರು ನಾಳೆ "ಎಂಡಿ ಅಲ್ವಲ್ಲ" ಅಂತಾರೆ. ಆಗ ಯಾವ ರೆಸಿಡೆನ್ಸಿಗೆ ಹೋಗ್ತೀಯ? ಅವಳು ತುಂಬ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೆಲವು ಕೆಲಸ ಕೊಟ್ಟೆ. ಮೊದಲನೆಯದು, ಒಬ್ಬ ರೇಡಿಯಾಲಜಿ ರೆಸಿಡೆಂಟ್ ಪಕ್ಕ ಒಂದೆರಡು ವಾರ ಕೂತು ಬರುವುದು. ತಜ್ಞತೆಯ ಹೆಸರು ಕೇಳಿ ಆಯ್ಕೆ ಮಾಡುವ ಮಕ್ಕಳನ್ನು ಜಾಸ್ತಿ ನೋಡಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಅಲ್ಲಿ ಏನು ಮಾಡುತ್ತಾರೆ ಅಂತ ನೋಡಿದವರು ಕಡಿಮೆ.

ಎರಡನೆಯದು ದುಡ್ಡು. ಅವಳ ಸಾಲ ಒಂದೂವರೆ ಲಕ್ಷ ಡಾಲರ್ ದಾಟಿತ್ತು. ಸ್ನಾತಕೋತ್ತರ ಮತ್ತು ವೃತ್ತಿ ಕೋರ್ಸ್‌ಗಳ ಫೆಡರಲ್ ಸಾಲಕ್ಕೆ ಸಾಲ ಪಡೆದ ದಿನದಿಂದಲೇ ಬಡ್ಡಿ ಓಡುತ್ತದೆ, ರೆಸಿಡೆನ್ಸಿಯಲ್ಲಿದ್ದೀಯ ಅಂತ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಕೈರೋಪ್ರಾಕ್ಟರ್‌ಗಳ ಮಧ್ಯಮ ವರಮಾನ 2023ರಲ್ಲಿ ವರ್ಷಕ್ಕೆ ಸುಮಾರು 76,500 ಡಾಲರ್. ಮೂರು ವರ್ಷ ಸ್ಟೈಪೆಂಡ್‌ನಲ್ಲಿದ್ದರೆ ಎಷ್ಟು ಬಿಟ್ಟುಕೊಟ್ಟಂತೆ ಅಂತ ಅವಳೇ ಕೂತು ಬರೆಯಲಿ ಎಂದೆ. ಇನ್ನೊಂದು ವಿಷಯವನ್ನೂ ವಿಚಾರಿಸಲು ಹೇಳಿದೆ. ಹಿರಿಯರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಕೈರೋಪ್ರಾಕ್ಟರ್‌ಗಳ ಬೆನ್ನುಮೂಳೆ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತದೆ, ಅವರು ತೆಗೆಸುವ ಎಕ್ಸ್‌ರೇಗೆ ಕೊಡುವುದಿಲ್ಲ. ಹಾಗಾದರೆ ಕಲಿತವರಿಗೆ ಕೆಲಸ ಎಲ್ಲಿ ಸಿಗುತ್ತಿದೆ? ಅದನ್ನು ಈಗಾಗಲೇ ರೆಸಿಡೆನ್ಸಿ ಮುಗಿಸಿದವರನ್ನೇ ಕೇಳಬೇಕು.

ಮೂರನೆಯದು, ಬೇರೆ ದಾರಿಗಳನ್ನೂ ನೋಡುವುದು. ಕ್ರೀಡಾ ಗಾಯ, ನರವಿಜ್ಞಾನ, ಪುನಶ್ಚೇತನದ ಡಿಪ್ಲೊಮೇಟ್ (ತಜ್ಞ ಮಾನ್ಯತೆಯ) ಕೋರ್ಸ್‌ಗಳನ್ನು ಕೆಲಸ ಮಾಡುತ್ತಲೇ ವಾರಾಂತ್ಯದಲ್ಲಿ ಓದಬಹುದು. ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ 2014ರಿಂದ ಒಂದು ವರ್ಷದ ಕೈರೋಪ್ರಾಕ್ಟಿಕ್ ರೆಸಿಡೆನ್ಸಿ ಇದೆ. ಅಲ್ಲಿ ಎಂಡಿ ವೈದ್ಯರ ಜೊತೆಗೇ ಕೆಲಸ, ಕಷ್ಟದ ಕೇಸ್‌ಗಳೂ ಬರುತ್ತವೆ.

ಮುಂದೊಂದು ದಿನ ಮಗಳು ಮೈಸೂರಲ್ಲಿ ಕ್ಲಿನಿಕ್ ಹಾಕಲಿ ಅನ್ನುವುದು ಅಮ್ಮನ ಕನಸು. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಕಾನೂನು, ಕೌನ್ಸಿಲ್ ಇಲ್ಲ. ಈ ರೇಡಿಯಾಲಜಿ ಪದವಿ ಹಿಡಿದು ಇಲ್ಲಿ ಬಂದು ಸ್ಕ್ಯಾನ್ ವರದಿಗೆ ಸಹಿ ಹಾಕುವಂತಿಲ್ಲ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಬೇಸರ ಮಾಡಿಕೊಂಡರು, ಆದರೆ ಒಪ್ಪಿದರು.

ಅಪ್ಪನ ಜೊತೆ ಒಂದು ಭೇಟಿ ಪೂರ್ತಿ ಬೇಕಾಯಿತು. "ಮೇಡಂ, ಇದು ನಿಜವಾಗ್ಲೂ ಸೈನ್ಸಾ?" ಅಂದರು. ಅಮೆರಿಕದ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಸೊಂಟ ನೋವಿಗೆ ಮೊದಲು ಔಷಧಿ ಇಲ್ಲದ ಚಿಕಿತ್ಸೆ ನೋಡಿ ಎಂದಿತು, ಆ ಪಟ್ಟಿಯಲ್ಲಿ ಬೆನ್ನುಮೂಳೆಯ ಕೈಚಿಕಿತ್ಸೆಯೂ ಇದೆ ಎಂದೆ. ಎಲ್ಲ ಕಾಯಿಲೆಗೂ ಇದೇ ಮದ್ದು ಅನ್ನುವವರನ್ನು ನಂಬಬೇಡಿ, ನಿಮ್ಮ ಮಗಳೂ ನಂಬುವುದಿಲ್ಲ ಅಂತಲೂ ಹೇಳಿದೆ. ಆ ಎರಡನೇ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಮಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಮದುವೆಮನೆಯ ನಗುವಿನ ವಿಷಯವನ್ನು ಸ್ಮಿತಾ ನನ್ನೆದುರಿಗೇ ಅವರಿಗೆ ಹೇಳಿದಳು. ಅವರು, "ನಂಗೆ ಹೊಳೀಲೇ ಇಲ್ಲ ಪುಟ್ಟಿ" ಅಂದರು.

ರೆಸಿಡೆಂಟ್ ಪಕ್ಕ ಕೂತು ಬಂದ ಮೇಲೆ ಸ್ಮಿತಾಗೆ ಒಂದು ಸ್ಪಷ್ಟವಾಯಿತು. ಚಿತ್ರ ಓದುವುದು ಇಷ್ಟ, ಆದರೆ ದಿನವಿಡೀ ಕತ್ತಲ ಕೋಣೆಯಲ್ಲಿ ಆಗಲ್ಲ. "ಆ ತಾತನಿಗೆ ರಾತ್ರಿ ನೋವು ಜಾಸ್ತಿ ಅಂತ ನಾನು ಕೇಳಿದ್ದಕ್ಕೇ ತಾನೇ ಗೊತ್ತಾಗಿದ್ದು? ನನಗೆ ಆ ಕೇಳೋ ಕೆಲಸ ಬೇಕು."

ಅವಳು ಮಾಜಿ ಸೈನಿಕರ ಆಸ್ಪತ್ರೆಗಳ ರೆಸಿಡೆನ್ಸಿಗೆ ಅರ್ಜಿ ಹಾಕಿದಳು. ಅಲ್ಲೂ ಪೈಪೋಟಿ ಜೋರು. ಸಿಗದಿದ್ದರೆ ವೈದ್ಯರ ಜೊತೆ ಸೇರಿ ನಡೆಸುವ ಯಾವುದಾದರೂ ಕ್ಲಿನಿಕ್‌ನಲ್ಲಿ ಕೆಲಸಕ್ಕೆ ಸೇರಿ, ವಾರಾಂತ್ಯದ ಡಿಪ್ಲೊಮೇಟ್ ಶುರು ಮಾಡುವುದು ಅಂತ ನಾವಿಬ್ಬರೂ ಸೇರಿ ಬರೆದಿಟ್ಟಿದ್ದೇವೆ. ಫಲಿತಾಂಶ ಬಂದ ವಾರವೇ ಮತ್ತೆ ಭೇಟಿ, ಈ ಬಾರಿ ಸಾಲದ ಕಾಗದಗಳ ಜೊತೆ ಅಪ್ಪನೂ ಬರುತ್ತಾರೆ.